ಅರಬ್ಬಿ ಸಮುದ್ರ ಕಾದರೆ ನಮ್ಮ ಹೆಸರು ಬಿತ್ತನೆಗೆ ಏನಾಗುತ್ತೆ?

ಜೂನ್ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಒಂದೇ ಮಾತು: ಹೆಸರು ಯಾವಾಗ ಬಿತ್ತೋದು? ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ 'ಅರಬ್ಬಿ ಸಮುದ್ರದಲ್ಲಿ ಚಂಡಮಾರುತ, ಭಾರಿ ಮಳೆ' ಅಂತ ಸುದ್ದಿ ಬರುತ್ತೆ. ಬೀಜದ ಚೀಲ ಬಿಚ್ಚೋ ಮೊದಲು ಸ್ವಲ್ಪ ತಡೀರಿ.

ನರಗುಂದದಿಂದ ಕಾರವಾರದ ಕಡಲು ನೇರ ಅಳತೆಯಲ್ಲಿ 200 ಕಿ.ಮೀ. ಒಳಗೇ ಇದೆ. ಆದರೆ ಸಮುದ್ರದ ತೇವ ಹೊತ್ತು ಬರೋ ಗಾಳಿ ಸಹ್ಯಾದ್ರಿಗೆ ಬಡಿದು ಬಹುಪಾಲು ಮಳೆ ಅಲ್ಲೇ ಸುರಿಸುತ್ತೆ. ನಮಗೆ ಸಿಗೋದು ಉಳಿದದ್ದು. ಕಣಕುಂಬಿಯಲ್ಲಿ ಬಿದ್ದ ಮಳೆ ಮಾತ್ರ ಮಲಪ್ರಭೆಯಾಗಿ ನವಿಲುತೀರ್ಥ ಆಣೆಕಟ್ಟು ಸೇರಿ ಕಾಲುವೆಯಲ್ಲಿ ಬರುತ್ತೆ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಹೊಳೆಆಲೂರಿಗೆ ನುಗ್ಗಿದ ನೀರು ಕೂಡ ಹೆಚ್ಚಾಗಿ ಮೇಲಿನಿಂದಲೇ ಬಂದದ್ದು.

ಈಗ ಚಂಡಮಾರುತದ ಲೆಕ್ಕ. ಸಮುದ್ರದ ಮೇಲ್ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಂಡಮಾರುತಕ್ಕೆ ಬೇಕಾದ ಬಿಸಿ ಸಿಗುತ್ತೆ. ಮುಂಗಾರಿಗೆ ಮುಂಚೆ ಅರಬ್ಬಿ ಸಮುದ್ರ 30ರ ಆಸುಪಾಸಿನಲ್ಲಿರುತ್ತೆ. 2023ರಲ್ಲಿ ಹುಟ್ಟಿದ ಬಿಪರ್‌ಜಾಯ್ ಉತ್ತರಕ್ಕೆ ಸರಿಯುತ್ತಾ ತೇವವನ್ನೂ ತನ್ನ ಕಡೆ ಎಳೆದುಕೊಂಡಿತು. ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. ಚಂಡಮಾರುತ ಜೂನ್ 15ರಂದು ಗುಜರಾತಿನ ಕಛ್‌ನಲ್ಲಿ ನೆಲ ಮುಟ್ಟಿತು. ಸುದ್ದಿಯ ತುಂಬ ಮಳೆ, ರಾಜ್ಯದಲ್ಲಿ ಜೂನ್ ಪೂರ್ತಿ ಕೊರತೆ! ಮೇಲೆ ಎಲ್ ನಿನೊ ಬೇರೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಕರಾವಳಿಯ ಮೀನುಗಾರರ ಕಷ್ಟವೂ ನಮ್ಮದರ ಹಾಗೇ ಇದೆ. ಮಳೆಗಾಲದ ಗಾಳಿಗೆ ಮೇಲ್ನೀರು ದಡದಿಂದ ಸರಿದು, ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತೆ. ನಮ್ಮ ಹೊಲಕ್ಕೆ ತಿಪ್ಪೆಗೊಬ್ಬರ ಇದ್ದ ಹಾಗೆ. ಅದರಿಂದ ಸೂಕ್ಷ್ಮ ಪಾಚಿ ಬೆಳೆದು ಬೂತಾಯಿ ಮೀನಿಗೆ ಮೇವಾಗುತ್ತೆ. 2015ರ ಎಲ್ ನಿನೊ ಹೊತ್ತಿನಲ್ಲಿ ಅಲ್ಲಿ ಬೂತಾಯಿ ಕುಸಿಯಿತು, ಇಲ್ಲಿ ಬರ ಬಿತ್ತು.

ಕಡಲಿನ ನಂಟು ನಮಗೆ ಹೊಸದೇನಲ್ಲ. ಧಾರವಾಡ ಸೀಮೆಯ ನಾಟಿ ಹತ್ತಿ 19ನೇ ಶತಮಾನದಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ನಮ್ಮವರು, ಪೇಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'!

ಮೊಬೈಲ್‌ನಲ್ಲಿ ನೋಡಬೇಕಾದ್ದು ಚಂಡಮಾರುತದ ಹೆಸರಲ್ಲ, ಅದು ಹೋಗೋ ದಿಕ್ಕು. ಒಮಾನ್ ಅಥವಾ ಗುಜರಾತ್ ಕಡೆ ಹೊರಟಿದ್ದರೆ ಒಂದು ಅಡ್ಡಮಳೆ ನಂಬಿ ಬಿತ್ತಬೇಡಿ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಬರೋ ಕನ್ನಡದ ಸಲಹೆ ಓದಿ, ಹೊಲದಲ್ಲಿ ಗೇಣುದ್ದ ಹಸಿ ಇಳಿದಿದೆಯಾ ಅಂತ ಕೆದರಿ ನೋಡಿ. ಜುಲೈ ಅರ್ಧ ಕಳೆದರೂ ಹದ ಬರದಿದ್ದರೆ, ನನ್ನ ಪ್ರಕಾರ ಹೆಸರು ಬಿಡೋದೇ ವಾಸಿ. ಚೌಕುಮಡಿ ಹಾಕಿ ಬಿದ್ದ ಮಳೆ ಹಿಡಿದಿಟ್ಟರೆ ಹಿಂಗಾರಿಗೆ ಕಡಲೆ, ಬಿಳಿಜೋಳ ಕೈಗೆ ಹತ್ತುತ್ತೆ. ಹಿಂಗಾರಿಗೆ ನೋಡಬೇಕಾದ್ದು ಬಂಗಾಳ ಕೊಲ್ಲಿಯ ಕಡೆ, ಅದರ ಲೆಕ್ಕ ಸೆಪ್ಟೆಂಬರ್‌ನಲ್ಲಿ ಮಾತಾಡೋಣ.