ಲಗಾಮು ಹಿಡಿಯುವ ಮೊದಲು

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ 19ನೆಯ ಶತಮಾನದಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಹಿಮವನ್ನು ಬಾಚಿ ಹಾಕುವ ಪದ್ಧತಿ ಇರಲಿಲ್ಲ. ಕುದುರೆಗಳು ಎಳೆಯುವ ಭಾರೀ ಮರದ ಉರುಳೆಯನ್ನು ಹಾಯಿಸಿ ಆ ಹಿಮವನ್ನೇ ಒತ್ತಿ ಗಟ್ಟಿ ಮಾಡುತ್ತಿದ್ದರು. ಅಲ್ಲಿನ ಹೊಳೆಗಳ ಮೇಲೆ ಮಾಡು ಹೊದಿಸಿದ ಮರದ ಸೇತುವೆಗಳು. ಮಾಡಿನ ಕೆಳಗೆ ಹಿಮ ಬೀಳದಲ್ಲ, ಆದ್ದರಿಂದ ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯ ಹಲಗೆಗಳ ಮೇಲೆ ಹರಡಲೆಂದೇ ಆಳುಗಳನ್ನು ಇಡುತ್ತಿದ್ದರು. ಇಷ್ಟೆಲ್ಲ ಪಾಡು ಸ್ಲೇ ಎಂಬ ಹಿಮಗಾಡಿಗಾಗಿ. ಚಕ್ರದ ಜಾಗದಲ್ಲಿ ಲೋಹದ ಪಟ್ಟಿ ಹೊಡೆದ ಎರಡು ಉದ್ದನೆಯ ಜಾರುಮರಗಳು, ಮೇಲೊಂದು ಆಸನ, ಮುಂದೊಂದು ಕುದುರೆ.

ಕಾರು ಬಂದು ಆ ಕಾಲ ಮುಗಿಯಿತು. ಆದರೆ ವಿದ್ಯೆ ಉಳಿಯಿತು. ಬೇಸಿಗೆಯಲ್ಲಿ ಸಾರೋಟು, ಹಿಮ ಬಿದ್ದಾಗ ಸ್ಲೇ ಎಂದು ಅದೇ ಕುದುರೆಯನ್ನು ಹೂಡಿ ಓಡಿಸುವವರು ವರ್ಮಾಂಟ್ ಸೇರಿದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಕಲಿಸುವವರೂ ಇದ್ದಾರೆ. ಬ್ರಿಟನ್ನಿನಲ್ಲಿ ಗಾಡಿ ಓಡಿಸುವವರ ಸಂಘ 1957ರಲ್ಲಿ ಹುಟ್ಟಿತು, ಅಮೆರಿಕದ ಕ್ಯಾರೇಜ್ ಅಸೋಸಿಯೇಷನ್ 1960ರಲ್ಲಿ. ಕುದುರೆಯನ್ನು ಮುಟ್ಟಿಯೇ ಗೊತ್ತಿಲ್ಲದ ದೊಡ್ಡವರು ಕೂಡ ಈ ವಿದ್ಯೆಗೆ ಹೊಸದಾಗಿ ಬರುತ್ತಾರೆ.

ಸವಾರಿ ಬಲ್ಲವರಿಗೆ ಇದು ಸುಲಭ ಎಂದು ಹಲವರು ತಿಳಿಯುತ್ತಾರೆ. ಸವಾರನ ತೊಡೆ, ಹಿಮ್ಮಡಿ, ಬೆನ್ನು ಎಲ್ಲವೂ ಕುದುರೆಯೊಂದಿಗೆ ಮಾತಾಡುತ್ತವೆ. ಗಾಡಿಯಲ್ಲಿ ಕೂತವನಿಗೆ ಆ ಸಂಪರ್ಕವಿಲ್ಲ, ಕುದುರೆ ಅವನಿಗಿಂತ ಗಜಗಟ್ಟಲೆ ಮುಂದಿದೆ. ಉಳಿಯುವುದು ದನಿ, ಲಗಾಮು ಮತ್ತು ಚಾವಟಿ. ಅದರಲ್ಲಿ ದನಿಗೇ ಹಿರಿಯ ಸ್ಥಾನ. 'ನಡೆ', 'ಓಡು', 'ನಿಲ್ಲು' ಎಂಬುದಕ್ಕೆ ಒಂದೊಂದೇ ಮಾತು, ಪ್ರತಿಸಲವೂ ಅದೇ ಏರಿಳಿತ. ಚಾವಟಿ ಹೊಡೆಯುವುದಕ್ಕಾಗಿ ಇರುವುದಲ್ಲ. ಸವಾರನ ಕಾಲು ಮಾಡುವ ಕೆಲಸವನ್ನು ಅದು ಮಾಡುತ್ತದೆ, ಕುದುರೆಯ ಭುಜದ ಹಿಂದೆ ಮೆಲ್ಲಗೆ ತಾಗಿ 'ಇತ್ತ ಸರಿ' ಎನ್ನುತ್ತದೆ. ಅದನ್ನು ಬಲಗೈಯಲ್ಲಿ ಹಿಡಿಯುವುದರಿಂದ, ಪಕ್ಕದವರಿಗೆ ತಾಗದಂತೆ ಓಡಿಸುವವರು ಬಲಬದಿಯಲ್ಲಿ ಕೂರುತ್ತಾರೆ.

ಹೊಸಬರು ಮೊದಲು ಗಾಡಿ ಕೊಳ್ಳಬಾರದು. ಹಳೆಯ ಸಾಮಾನಿನ ಅಂಗಡಿಯಲ್ಲಿ ಬಣ್ಣ ಬಳಿದು ನಿಲ್ಲಿಸಿದ ಸ್ಲೇ ನೋಡಿ ಮನಸೋಲುವವರು ಬಹಳ. ಕುದುರೆಯ ಇಕ್ಕೆಲದಲ್ಲಿ ಬರುವ ಅದರ ಮೂಕಿಮರ ಒಳಗೇ ಬಿರಿದಿದ್ದರೆ ಮುರಿಯುವುದು ಕುದುರೆ ಓಡುತ್ತಿರುವಾಗ. ಎಳೆಯ ಕುದುರೆಯನ್ನು ತಂದು 'ಇಬ್ಬರೂ ಒಟ್ಟಿಗೆ ಕಲಿಯುತ್ತೇವೆ' ಎನ್ನುವುದು ಅದಕ್ಕಿಂತ ದೊಡ್ಡ ಅಪಾಯ. ಕಲಿಯುವವರಿಗೆ ಬೇಕಾದದ್ದು ಗಾಡಿ ಎಳೆದು ಪಳಗಿದ, ವಯಸ್ಸಾದ, ಗದ್ದಲಕ್ಕೆ ಬೆದರದ ಕುದುರೆ, ಮತ್ತು ಪಕ್ಕದಲ್ಲೊಬ್ಬ ಗುರು. ವರ್ಮಾಂಟಿನ ಮಾರ್ಗನ್ ತಳಿ ಈ ಕೆಲಸಕ್ಕೆ ಹೆಸರಾದದ್ದು. 18ನೆಯ ಶತಮಾನದ ಕೊನೆಯಲ್ಲಿ ಜಸ್ಟಿನ್ ಮಾರ್ಗನ್ ಎಂಬ ಮೇಷ್ಟರ ಬಳಿಯಿದ್ದ ಫಿಗರ್ ಎಂಬ ಒಂದೇ ಗಂಡು ಕುದುರೆಯಿಂದ ಆ ತಳಿ ಬೆಳೆಯಿತು. ಇಂದು ಅದು ಆ ರಾಜ್ಯದ ಅಧಿಕೃತ ಪ್ರಾಣಿ.

ಲಗಾಮಿನ ಮೊದಲ ಪಾಠಕ್ಕೆ ಕುದುರೆಯೂ ಬೇಡ. ಒಂದು ಹಲಗೆ, ಅದಕ್ಕೆ ರಾಟೆಗಳು, ರಾಟೆಯ ಮೇಲೆ ಹಾಯ್ದು ಬಂದ ಲಗಾಮಿನ ತುದಿಗೆ ತೂಕದ ಬಟ್ಟು. ಜರ್ಮನಿಯ ಬೆನ್ನೊ ಫಾನ್ ಆಖೆನ್‌ಬಾಖ್ (1861–1936) ಒಪ್ಪ ಮಾಡಿದ ಪದ್ಧತಿಯನ್ನು ಇಂಥ ಹಲಗೆಯ ಮುಂದೆ ಕೂತು ಕಲಿಯುತ್ತಾರೆ. ಆತನೂ ಪ್ಯಾರಿಸ್ಸಿನಲ್ಲಿದ್ದ ಎಡ್ವಿನ್ ಹೌಲೆಟ್ ಎಂಬ ಇಂಗ್ಲಿಷ್ ಸಾರಥಿಯ ಶಿಷ್ಯ. ಎರಡೂ ಲಗಾಮು ಎಡಗೈಯಲ್ಲೇ ನಿಲ್ಲಬೇಕು, ಬಲಗೈ ಬೇಕಾದಾಗ ಬಂದು ನೆರವಾಗಿ ಹಿಂದಿರುಗಬೇಕು. ತಿರುಗಿಸುವಾಗ ಒಂದು ಕಡೆ ಜಗ್ಗುವುದಕ್ಕಿಂತ ಇನ್ನೊಂದು ಕಡೆ ಸಡಿಲ ಬಿಡುವುದೇ ಈ ಪದ್ಧತಿಯ ಜೀವಾಳ. ಲಗಾಮಿನ ಆ ತುದಿಯಲ್ಲಿರುವುದು ಕುದುರೆಯ ನಾಲಿಗೆ ಮತ್ತು ಒಸಡು, ಅಲ್ಲಿ ಬೆರಳಗಲದ ಜಗ್ಗಾಟವೂ ನೋವೇ. ಬಟ್ಟುಗಳು ಅಲುಗದೆ ನಿಲ್ಲುವಷ್ಟು ಕೈ ಹದವಾದ ಮೇಲೆ ಕುದುರೆಯ ಬಳಿಗೆ ಹೋಗಬಹುದು. ಆಗಲೂ ಗಾಡಿಯಿಲ್ಲ. ಉದ್ದನೆಯ ಲಗಾಮು ಹಿಡಿದು ಅದರ ಹಿಂದೆ ನಡೆಯಬೇಕು.

ಇನ್ನು ಹೂಡುವ ಕ್ರಮ. ನನ್ನ ಎಣಿಕೆಯಲ್ಲಿ ಇಡೀ ವಿದ್ಯೆ ನಿಂತಿರುವುದು ಇದರ ಮೇಲೆ. ಕುದುರೆ ಬೇಟೆಗೆ ಸಿಗುವ ಪ್ರಾಣಿ, ಹೆದರಿದರೆ ಓಡುತ್ತದೆ. ಓಡುವಾಗ ಹಿಂದೆಯೇ ಏನೋ ದಡದಡ ಬಂದರೆ ಇನ್ನೂ ಓಡುತ್ತದೆ. ಗಾಡಿ ಹಿಂದಿರುವುದು ಅದಕ್ಕೆ ಕಾಣದಿರಲೆಂದೇ ಕಡಿವಾಣದಲ್ಲಿ ಕಣ್ಣುಪಟ್ಟಿ. ಕುದುರೆಗೆ ಸಜ್ಜೆಲ್ಲ ತೊಡಿಸಿ, ಕಡಿವಾಣ ಹಾಕಿ, ಲಗಾಮು ಸೇರಿಸಿ, ತಲೆಯ ಬಳಿ ಒಬ್ಬರನ್ನು ನಿಲ್ಲಿಸಿದ ಮೇಲೆಯೇ ಗಾಡಿಯನ್ನು ಹಿಂದಿನಿಂದ ಮೆಲ್ಲಗೆ ತರಬೇಕು, ಕುದುರೆಯನ್ನು ಮೂಕಿಗಳ ನಡುವೆ ಹಿಂದಕ್ಕೆ ನೂಕಬಾರದು. ಮೂಕಿಗಳು ಕುಣಿಕೆಯಲ್ಲಿ ಕೂತವೇ? ಮೊದಲು ಎಳೆಪಟ್ಟಿಗಳನ್ನು ಸಿಕ್ಕಿಸಿ. ಕುದುರೆ ಅಷ್ಟರಲ್ಲಿ ಎರಡು ಹೆಜ್ಜೆ ಹಾಕಿದರೂ ಗಾಡಿ ನೇರವಾಗಿ ಹಿಂದೆ ಬರುತ್ತದೆ. ಆಮೇಲೆ ಹಿಂದೊಡೆಯನ್ನು ಬಳಸಿ ಬರುವ ತಡೆಪಟ್ಟಿ, ಕೊನೆಗೆ ಹೊಟ್ಟೆಪಟ್ಟಿ. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು. ಗಾಡಿ ಕಳಚುವ ಮೊದಲು ಕಡಿವಾಣ ತೆಗೆಯಬಾರದು. ಕಣ್ಣುಪಟ್ಟಿ ಜಾರಿದ ಗಳಿಗೆಯಲ್ಲಿ ಬೆನ್ನಿಗಂಟಿದ ಗಾಡಿ ಕುದುರೆಗೆ ಕಂಡುಬಿಡುತ್ತದೆ, ತಡೆಯಲು ಕೈಯಲ್ಲಿ ಲಗಾಮೂ ಇರುವುದಿಲ್ಲ. ಹೂಡಿದ ಕುದುರೆಯನ್ನು ಕಂಬಕ್ಕೆ ಕಟ್ಟುವಂತೆಯೂ ಇಲ್ಲ. ಓಡಿಸುವವರು ಲಗಾಮು ಕೈಗೆ ತೆಗೆದುಕೊಂಡೇ ಎಲ್ಲರಿಗಿಂತ ಮೊದಲು ಹತ್ತಬೇಕು, ಎಲ್ಲರಿಗಿಂತ ಕೊನೆಗೆ ಇಳಿಯಬೇಕು. ಅನುಭವಿಗಳು ಕೂಡ ಪ್ರತಿದಿನ ಇದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಮಾಡುವುದುಂಟು. ಈ ಭಾಗವನ್ನು ಬೇಗ ಮುಗಿಸಲು ನೋಡುವ ಕಲಿಕೆಯ ತಾಣವಿದ್ದರೆ ಅಲ್ಲಿಂದ ಹೊರಟುಬರುವುದೇ ಒಳ್ಳೆಯದು.

ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ ಎಂಬ ಪ್ರಶ್ನೆಗೆ ನಮ್ಮ ಜಟಕಾ ಹತ್ತಿದವರಿಗೆ ಅರ್ಧ ಉತ್ತರ ಗೊತ್ತು. ಮೈಸೂರಿನ ಜಟಕಾದವರು 'ಸ್ವಲ್ಪ ಮುಂದೆ ಬನ್ನಿ ಸ್ವಾಮಿ, ಅಮ್ಮಾವ್ರು ಹಿಂದೆ ಸರೀಲಿ' ಎಂದು ಕೂತವರನ್ನು ಸರಿಸುತ್ತಿದ್ದುದು ಸುಮ್ಮನಲ್ಲ. ಎರಡು ಚಕ್ರದ ಗಾಡಿಯಲ್ಲಿ ಭಾರ ಮುಂದಾದರೆ ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ. ನಾಲ್ಕು ಚಕ್ರದ್ದರಲ್ಲಿ ಬೆನ್ನಿಗೆ ಆ ಭಾರವಿಲ್ಲ, ಆದರೆ ತೀರಾ ಚಿಕ್ಕ ತಿರುವಿನಲ್ಲಿ ಮುಂಚಕ್ರ ಅಡ್ಡ ಸಿಕ್ಕಿ ಮಗುಚುವ ಭಯವಿದೆ. ಕಲಿಯುವವರು ಸಮತೂಕದ ಎರಡು ಚಕ್ರದ್ದರಿಂದ ಶುರು ಮಾಡುವುದು ವಾಡಿಕೆ.

ಹಿಮದ ಮೇಲೆ ಇಷ್ಟೂ ಹೊಸ ರೂಪ ತಾಳುತ್ತದೆ. ಸಾಮಾನ್ಯ ಸ್ಲೇಗೆ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಕುದುರೆಯ ಹಿಂದೊಡೆ, ಆದ್ದರಿಂದ ಸಾರೋಟಿಗೆ ಕೆಲವೊಮ್ಮೆ ಬಿಡಬಹುದಾದ ತಡೆಪಟ್ಟಿ ಇಲ್ಲಿ ಬೇಕೇ ಬೇಕು. ಸ್ವಲ್ಪ ಹೊತ್ತು ನಿಂತರೆ ಜಾರುಮರಗಳು ನೆಲಕ್ಕೆ ಹೆಪ್ಪುಗಟ್ಟಿ ಅಂಟುತ್ತವೆ. ನೇರ ಎಳೆಸಿದರೆ ಕುದುರೆ ಮುಗ್ಗರಿಸೀತು, ಅದನ್ನು ಒಂದು ಪಕ್ಕಕ್ಕೆ ತುಸು ಸರಿಸಿದರೆ ಅಂಟು ಬಿಡುತ್ತದೆ. ಗೊರಸಿನೊಳಗೆ ಹಿಮ ಮೆತ್ತಿ ಉಂಡೆ ಕಟ್ಟುತ್ತದೆ, ಕುದುರೆ ಚೆಂಡಿನ ಮೇಲೆ ನಿಂತಂತೆ ತೂರಾಡುತ್ತದೆ. ಅದಕ್ಕೆಂದು ಲಾಳದ ಅಡಿಗೆ ರಬ್ಬರಿನ ಪದರ, ಜಾರದಿರಲು ಲಾಳಕ್ಕೆ ಗಟ್ಟಿಲೋಹದ ಮೊನೆಗಳು. ಬಾಯಿಗಿಡುವ ಕಬ್ಬಿಣದ ಕಡ್ಡಿಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಬೇಕು, ಇಲ್ಲವಾದರೆ ನಾಲಿಗೆಗೆ ಅಂಟೀತು. ನ್ಯೂ ಇಂಗ್ಲೆಂಡಿನ ಎಷ್ಟೋ ಹಳೆಯ ಒಂಟಿಕುದುರೆ ಸ್ಲೇಗಳಲ್ಲಿ ಮೂಕಿಗಳನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿ ಜೋಡಿಸಿರುತ್ತಾರೆ. ಜೋಡಿಕುದುರೆಯ ಸ್ಲೇಗಳು ತುಳಿದು ಮಾಡಿದ ಜಾಡಿನಲ್ಲೇ ಒಂಟಿ ಕುದುರೆಯೂ ಹೆಜ್ಜೆಯಿಡಲಿ ಎಂಬ ಉಪಾಯ ಅದು.

ಗಂಟೆಗಳನ್ನೂ ಅಲಂಕಾರ ಎಂದುಕೊಳ್ಳಬಾರದು. ಹಿಮದ ಮೇಲೆ ಗೊರಸಿನ ಸದ್ದಿಲ್ಲ, ಗಾಡಿಯ ಸದ್ದಿಲ್ಲ, ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ತಿರುವಿನಾಚೆಯವರಿಗೆ ತಿಳಿಯುವುದು ಹೇಗೆ? ಸ್ಲೇ ಎಳೆಯುವ ಕುದುರೆಯ ಸಜ್ಜಿಗೆ ಕನಿಷ್ಠ 3 ಗಂಟೆ ಕಟ್ಟಿರಬೇಕೆಂಬ ಮಾತು ಮ್ಯಾಸಚೂಸೆಟ್ಸ್ ರಾಜ್ಯದ ರಸ್ತೆ ಕಾನೂನಿನಲ್ಲೇ ಇದೆ. ಪಕ್ಕದ ಕನೆಟಿಕಟ್ಟಿನ ಈಸ್ಟ್ ಹ್ಯಾಂಪ್ಟನ್ ಊರು ಈ ಗಂಟೆಗಳನ್ನು ಎರೆದೇ 'ಗಂಟೆಯೂರು' ಎನಿಸಿಕೊಂಡಿತು. ಕ್ರಿಸ್‌ಮಸ್ ಬಂದಾಗ ಜಗತ್ತೆಲ್ಲ ಹಾಡುವ 'ಜಿಂಗಲ್ ಬೆಲ್ಸ್' 1857ರಲ್ಲಿ ಅಚ್ಚಾದದ್ದು ಒಂಟಿಕುದುರೆಯ ಸ್ಲೇ ಓಟದ ಹಾಡಾಗಿ.

ವಯಸ್ಸು ಮೀರಿತು ಎಂದು ಯಾರೂ ಹಿಂಜರಿಯಬೇಕಿಲ್ಲ. ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಪೋಲೊ ಬಿಟ್ಟು ಗಾಡಿ ಹಿಡಿದದ್ದು 50ರ ಆಸುಪಾಸಿನಲ್ಲಿ. ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದಾಗ ಈ ಕ್ರೀಡೆಗೆ ನಿಯಮಾವಳಿ ಮಾಡಿಸಿದವರೂ ಅವರೇ. ನಡಿಗೆಯ ಒಪ್ಪ, ಗುಡ್ಡ ನೀರುಗಳ ನಡುವಿನ ದೀರ್ಘ ಓಟ, ಶಂಕುಗಳ ನಡುವೆ ಚೆಂಡು ಬೀಳಿಸದೆ ನುಸುಳುವ ಚಾತುರ್ಯ ಎಂದು ಮೂರು ಸುತ್ತಿನ ಸ್ಪರ್ಧೆ ಅದು. ತೊಂಬತ್ತು ದಾಟಿದ ಮೇಲೂ ಅವರು ಫೆಲ್ ತಳಿಯ ಪುಟ್ಟ ಕುದುರೆಗಳನ್ನು ಹೂಡಿ ಓಡಿಸುತ್ತಿದ್ದರು.

ನಡೆಯಲಾಗದವರಿಗೂ ಈ ಬಾಗಿಲು ತೆರೆದಿದೆ. ಗಾಲಿಕುರ್ಚಿಯನ್ನೇ ಇಳಿಜಾರು ಹಲಗೆಯ ಮೇಲೆ ಹತ್ತಿಸಿ ಬಿಗಿಯುವ ಗಾಡಿಗಳಿವೆ. ಪಕ್ಕದಲ್ಲಿ ಕೂತ ಬಲ್ಲವರ ಕೈಯಲ್ಲಿ ಅದೇ ಕುದುರೆಗೆ ಇನ್ನೊಂದು ಜೊತೆ ಲಗಾಮು ಇರುತ್ತದೆ, ಅಗತ್ಯ ಬಿದ್ದಾಗ ಮಾತ್ರ ಅದು ಬಿಗಿಯಾಗುತ್ತದೆ. ಮೊದಲ ಸಲ ರಸ್ತೆಗಿಳಿಯುವ ಹೊಸಬರು ತಮಗೂ ಅಂಥದೇ ಎರಡನೆಯ ಲಗಾಮು ಬೇಕೆಂದು ಗುರುವನ್ನು ಕೇಳಬಹುದು, ಕೇಳಬೇಕು ಕೂಡ.