ಕಾಣದ ಕೆಲಸಕ್ಕೂ ಒಂದು ಆವಕ ಪುಸ್ತಕ

ಕಚೇರಿಗೆ ಅರ್ಜಿ ಸಲ್ಲಿಸಿದವನು ಆವಕ ಕ್ರಮಾಂಕವನ್ನು ಬರೆದುಕೊಂಡೇ ಹಿಂದಿರುಗಬೇಕೆಂಬುದು ನಮ್ಮ ಕಾಲದ ಶಿಕ್ಷಕರೆಲ್ಲರೂ ಕಲಿತ ಪಾಠ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಕ್ರಮಾಂಕವಿದ್ದರೆ ಕಾಗದವು ಯಾರ ಮೇಜಿನ ಮೇಲಿದೆಯೆಂದು ವಿಚಾರಿಸಬಹುದು. ಗಣಕಯಂತ್ರದ ಲೋಕದಲ್ಲಿಯೂ ಇದೇ ನಿಯಮವೆಂಬುದು ನನಗೆ ತಿಳಿದದ್ದು ಈ ಸುವರ್ಣ ಮಹೋತ್ಸವದ ನಿಮಿತ್ತ.

ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿಸಿ 'ಇಂಟರ್ನೆಟ್ ಆರ್ಕೈವ್'ನಲ್ಲಿ ಇರಿಸಬೇಕೆಂದು ನಮ್ಮ ಸಮಿತಿ ನಿಶ್ಚಯಿಸಿತು. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಈ ಅಂತರ್ಜಾಲ ಗ್ರಂಥಭಂಡಾರವನ್ನು ಯಾರಾದರೂ ಹಣ ತೆರದೆ ಬಳಸಬಹುದು.

ಮೊದಲನೆಯ ಸಂಚಿಕೆಯನ್ನು ಕಳುಹಿಸಿ ಅರ್ಧ ಗಂಟೆ ಕಾದರೂ ಪುಟಗಳು ಕಾಣಲಿಲ್ಲ. ಕೆಲಸ ಕೆಟ್ಟಿತೆಂದು ಭಾವಿಸಿ ಅದನ್ನೇ ಮತ್ತೆರಡು ಸಲ ಕಳುಹಿಸಿದೆ. ಪರಿಣಾಮವಾಗಿ ಒಂದೇ ಸಂಚಿಕೆ ಮೂರು ಹೆಸರಿನಲ್ಲಿ ಸಾಲಿನಲ್ಲಿ ನಿಂತಿತು! ತಪ್ಪು ಯಂತ್ರದ್ದಲ್ಲ, ನನ್ನ ಅವಸರದ್ದು.

ನಡೆಯುವ ಕ್ರಮ ಹೀಗಿದೆ. ನಾವು ಕಳುಹಿಸಿದ ಕಡತವನ್ನು ಭಂಡಾರವು ಮೊದಲು ತನ್ನ ಸಂಗ್ರಹದಲ್ಲಿ ಇರಿಸಿಕೊಳ್ಳುತ್ತದೆ. ಅನಂತರ ಪ್ರತಿ ಪುಟದ ಚಿತ್ರವನ್ನು ಬೇರ್ಪಡಿಸಿ, ಅಕ್ಷರಗಳನ್ನು ಓದಿ, ಹುಡುಕಲು ಬರುವಂತಹ ಪಠ್ಯವನ್ನು ಸಿದ್ಧಪಡಿಸುತ್ತದೆ. ಇದಕ್ಕೆ ಕಾಲ ಬೇಕು. ಅಷ್ಟು ಹೊತ್ತು ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವ ಬದಲು, ಕೆಲಸಕ್ಕೊಂದು ಸಂಖ್ಯೆ ಕೊಟ್ಟು ಸರದಿಗೆ ಸೇರಿಸಿ ನಮ್ಮನ್ನು ಬಿಡುಗಡೆ ಮಾಡುತ್ತದೆ. ತೆರೆಯ ಹಿಂದೆ ನಡೆಯುವ ಈ ಕಾರ್ಯಗಳಿಗೆ ಇಂಗ್ಲಿಷಿನಲ್ಲಿ 'ಬ್ಯಾಕ್‌ಗ್ರೌಂಡ್ ಜಾಬ್' ಎನ್ನುತ್ತಾರೆ.

ಪ್ರತಿ ಗ್ರಂಥಕ್ಕೂ ಒಂದು 'ಹಿಸ್ಟರಿ' ಪುಟವಿದೆ. ಅದೇ ಅಲ್ಲಿನ ಆವಕ ಪುಸ್ತಕ. ಹಸಿರು ಬಣ್ಣವಿದ್ದರೆ ಕೆಲಸ ಸರದಿಯಲ್ಲಿದೆ, ನೀಲಿಯಿದ್ದರೆ ನಡೆಯುತ್ತಿದೆ, ಕಂದು ಇದ್ದರೆ ತಡೆಹಿಡಿಯಲ್ಪಟ್ಟಿದೆ, ಕೆಂಪು ಇದ್ದರೆ ದೋಷದಿಂದ ನಿಂತಿದೆ ಎಂದರ್ಥ. ಹಸಿರು ಕಂಡೊಡನೆ ಮುಗಿಯಿತೆಂದು ಹಿಗ್ಗಬಾರದು; ಅದು ಕಾಯಬೇಕೆಂಬ ಸೂಚನೆ. ಪ್ರತಿ ಕಾರ್ಯದ ದಿನಚರಿಯನ್ನು 'ಲಾಗ್' ಎನ್ನುತ್ತಾರೆ. ದೋಷ ಎಲ್ಲಿ ಬಂದಿತೆಂಬ ಸುಳಿವು ಸಾಮಾನ್ಯವಾಗಿ ಅದರ ಕೊನೆಯ ಸಾಲುಗಳಲ್ಲಿರುತ್ತದೆ.

ಈ ತಿಳಿವಳಿಕೆಯ ಬೆಲೆ ನಮಗೆ ಶೀಘ್ರದಲ್ಲಿಯೇ ಗೊತ್ತಾಯಿತು. ಒಂದು ವರ್ಷದ ಸಂಚಿಕೆಯ ಪ್ರತಿ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಮಾತ್ರ ಉಳಿದಿತ್ತು. ಗೆದ್ದಲು ಹತ್ತಿ ಅದರ ಅಂಚುಗಳು ಉದುರುತ್ತಿದ್ದವು. ಕಳುಹಿಸಿಯಾಯಿತೆಂದು ಮೂಲ ಪ್ರತಿಯನ್ನು ಮರಳಿಸಲು ಹೊರಟಾಗ ಹಿಸ್ಟರಿ ಪುಟದಲ್ಲಿ ಕೆಂಪು ಸಾಲು ಕಂಡಿತು. ಪೆನ್‌ಡ್ರೈವಿಗೆ ನಕಲು ಮಾಡುವಾಗ ನಾವೇ ಕಡತವನ್ನು ಅರ್ಧಕ್ಕೆ ತುಂಡರಿಸಿದ್ದೆವು. ಪ್ರತಿ ಇನ್ನೂ ಕೈಯಲ್ಲಿದ್ದುದರಿಂದ ಮತ್ತೆ ಸ್ಕ್ಯಾನ್ ಮಾಡಿಸಿ ಉಳಿಸಿಕೊಂಡೆವು.

ಕೆಲಸ ಮುಗಿದಿದೆ ಎಂದಿದ್ದರೂ ಪರೀಕ್ಷೆ ತಪ್ಪಿದ್ದಲ್ಲ. ಭಾಷೆಯ ಕಲಮಿನಲ್ಲಿ ಕನ್ನಡವೆಂದು ನಮೂದಿಸದಿದ್ದರೆ ಯಂತ್ರವು ನಮ್ಮ ಅಕ್ಷರಗಳನ್ನು ತಪ್ಪಾಗಿ ಓದಬಹುದು. ಆಗ ಪುಟ ಕಣ್ಣಿಗೆ ಕಂಡರೂ ಹೆಸರು ಹುಡುಕಿದರೆ ಸಿಗದು. ಭಾಷೆಯನ್ನು ತಿದ್ದಿ ಆ ಕಾರ್ಯವನ್ನು ಪುನಃ ನಡೆಸಬೇಕು. ಕೈಬರಹದ ಪುಟಗಳನ್ನಂತೂ ಯಂತ್ರ ಸರಿಯಾಗಿ ಓದುವುದು ಕಷ್ಟ.

ಆದ್ದರಿಂದ ಹಳೆಯ ಸಂಚಿಕೆಗಳನ್ನು ಕಾಪಾಡಲಿಚ್ಛಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಕಾರ್ಯದ ಸಂಖ್ಯೆಯನ್ನು ಬರೆದಿಡಿ, ಸ್ಥಿತಿಯನ್ನು ನೋಡದೆ ಎರಡನೆಯ ಸಲ ಕಳುಹಿಸಬೇಡಿ, ಮೊದಲ ಮತ್ತು ಕೊನೆಯ ಪುಟಗಳನ್ನು ತೆರೆದು ನೋಡಿ. ಅಲ್ಲಿಯವರೆಗೆ ಮೂಲ ಪ್ರತಿಯನ್ನು ಕೈಬಿಡಬೇಡಿ. ಗಡಿಯಾಚೆಯ ನಮ್ಮ ಕನ್ನಡ ಶಾಲೆಯ ಐವತ್ತು ವರ್ಷಗಳಿಗೆ ಆ ಹಳದಿಗಟ್ಟಿದ ಹಾಳೆಗಳೇ ಸಾಕ್ಷಿ.