ಎಲ್ಲ ಸದ್ದೂ ಒಟ್ಟಿಗೇ ಕೇಳಿದರೆ?

ಮಕ್ಕಳೇ, ಓದುವುದನ್ನು ಒಂದು ಕ್ಷಣ ನಿಲ್ಲಿಸಿ ಸುತ್ತಲಿನ ಸದ್ದುಗಳನ್ನು ಎಣಿಸಿ ನೋಡಿ. ಶೀಟಿನ ಮೇಲೆ ಬೀಳುವ ಮಳೆ, ಪಕ್ಕದ ತರಗತಿಯ ಮಗ್ಗಿ, ರಸ್ತೆಯಲ್ಲಿ ಹೋಗುವ ಜೀಪು. ಓದುವಾಗ ಇವು ನಿಮ್ಮ ಗಮನಕ್ಕೆ ಬರಲೇ ಇಲ್ಲ, ಅಲ್ಲವೇ? ಕಿವಿ ಎಲ್ಲವನ್ನೂ ಮಿದುಳಿಗೆ ಕಳುಹಿಸಿತ್ತು. ಮಿದುಳು ಜರಡಿ ಹಿಡಿದು ಬೇಡದ್ದನ್ನು ಬದಿಗಿಟ್ಟಿತ್ತು.

ಆಟಿಸಂ ಇರುವ ಅನೇಕರಲ್ಲಿ ಈ ಜರಡಿ ಬೇರೆ ರೀತಿ ಕೆಲಸ ಮಾಡುತ್ತದೆ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಕೋವಿ ಹಾರಿಸುತ್ತಾರಲ್ಲ, ಆ ಸದ್ದು ನಿಮಗೆ ಸಂಭ್ರಮ. ಆಟಿಸಂ ಇರುವ ಹದಿನೇಳರ ಅಣ್ಣನೊಬ್ಬನಿಗೆ ಅದು ನೋವೇ ಆಗಬಹುದು. ಆತ ಕಿವಿ ಮುಚ್ಚಿಕೊಂಡು ಓಡಿದರೆ ಅದು ಹಟವಲ್ಲ.

ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎನ್ನುತ್ತಾರೆ, ತನ್ನಲ್ಲೇ ಮುಳುಗಿರುವುದು ಎಂದು ಅರ್ಥ. (ನನ್ನನ್ನು ಕೇಳಿದರೆ ಹೆಸರು ಅಷ್ಟು ಸರಿಯಿಲ್ಲ. ಇವರಲ್ಲಿ ಅನೇಕರಿಗೆ ಗೆಳೆಯರು ಬೇಕು, ಗೆಳೆತನ ಶುರುಮಾಡುವುದು ಕಷ್ಟ, ಅಷ್ಟೇ.) ಇದು ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಅಂಟುರೋಗವಲ್ಲ. ತಾಯಿ ಮುದ್ದು ಮಾಡದಿದ್ದರೆ ಬರುತ್ತದೆಂದು ಹಿಂದೆ ಕೆಲವು ವೈದ್ಯರೇ ನಂಬಿದ್ದರು. ಅದು ತಪ್ಪು. ಇದನ್ನು ಹೋಗಲಾಡಿಸುವ ಮಾತ್ರೆಯೂ ಇಲ್ಲ. ಪೂರ್ತಿ ವಾಸಿ ಮಾಡುತ್ತೇವೆಂದು ಹಣ ಕೇಳುವವರನ್ನು ನಂಬಬಾರದು.

ಹಾಗಾದರೆ ಥೆರಪಿ ಎಂದರೇನು? ಕಲಿಸುವುದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಾತಿನ ತರಬೇತಿ ಕೊಡುತ್ತಾರೆ. ಮಾತೇ ಬಾರದವರಿಗೆ ಚಿತ್ರದ ಕಾರ್ಡುಗಳಿವೆ: ನೀರು, ನೋವು, ಸಾಕು. ಈ ‘ಸಾಕು’ ಬಹಳ ದೊಡ್ಡದು. ಸಾಕು ಎನ್ನಲು ದಾರಿಯಿಲ್ಲದವನು ತಟ್ಟೆ ಎಸೆಯಬಹುದು, ಕಾರ್ಡು ಸಿಕ್ಕವನು ಅದನ್ನು ತೋರಿಸಬಹುದು.

ದೊಡ್ಡವರಾದಂತೆ ಪಾಠ ಬದಲಾಗುತ್ತದೆ. ಗಡ್ಡ ತೆಗೆಯುವುದು, ಮುಟ್ಟಿನ ದಿನಗಳ ಶುಚಿತ್ವ, ಚಿಲ್ಲರೆ ಎಣಿಸುವುದು, ಸರಿಯಾದ ಬಸ್ ಹತ್ತುವುದು. ಬಸ್ ಪ್ರಯಾಣವನ್ನೂ ತುಂಡು ತುಂಡು ಮಾಡಿ ಕಲಿಸುತ್ತಾರೆ. ಮೊದಲು ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುವುದು, ಆಮೇಲೆ ಜೊತೆಗೊಬ್ಬರಿದ್ದು ಒಂದೇ ಸ್ಟಾಪು, ಆಮೇಲೆ ಎರಡು. ಹುತ್ತರಿಗೂ ಹೀಗೆಯೇ ಸಿದ್ಧತೆ ಮಾಡಬಹುದು: ಯಾವುದರ ನಂತರ ಏನು ಎಂದು ಚಿತ್ರದಲ್ಲಿ ತೋರಿಸಿ, ಕಿವಿಗೆ ಮುಚ್ಚಿಗೆ ಕೊಟ್ಟು, ದೂರ ನಿಲ್ಲಿಸಿ, ಬೇಡವೆಂದರೆ ಹೊರಟುಬಿಡಲು ಬಿಡುವುದು. ನಮ್ಮ ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳಿಗಾಗಿಯೇ ‘ಸ್ವಸ್ಥ’ ಎಂಬ ಕೇಂದ್ರವಿದೆ.

ಡೊನಾಲ್ಡ್ ಟ್ರಿಪ್ಲೆಟ್ ಎಂಬವರ ವಿಷಯ ಕೇಳಿ. 1943ರಲ್ಲಿ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದು ಆಟಿಸಂ ಅನ್ನು ವಿವರಿಸಿದರು. ಅದರಲ್ಲಿ ಮೊದಲ ಹುಡುಗ ಈತ. ಮೂರನೆಯ ವಯಸ್ಸಿನಲ್ಲಿ ಮನೆಯಿಂದ ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು, ಹೆತ್ತವರು ಮತ್ತೆ ಮನೆಗೆ ಕರೆತಂದರು. ಮುಂದೆ ಅವರು ಅಮೆರಿಕದ ಪುಟ್ಟ ಊರೊಂದರ ಬ್ಯಾಂಕಿನಲ್ಲಿ ಕೆಲಸ ಮಾಡಿದರು, 27ನೆಯ ವಯಸ್ಸಿನಲ್ಲಿ ಕಾರು ಕಲಿತರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89. ಊರಿನವರು ಅವರನ್ನು ಗೇಲಿ ಮಾಡದೆ, ಇದ್ದ ಹಾಗೆಯೇ ಒಪ್ಪಿಕೊಂಡಿದ್ದರು. ಅದನ್ನೂ ಥೆರಪಿಯ ಲೆಕ್ಕಕ್ಕೇ ಸೇರಿಸಬೇಕು ಎನ್ನುವವಳು ನಾನು.

ನಿಮ್ಮ ಲೈನಿನಲ್ಲಿ ಇಂಥ ಅಣ್ಣನೋ ಅಕ್ಕನೋ ಇದ್ದರೆ ಮಾತನಾಡಿಸಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರ ಬರುವ ಮೊದಲೇ ಎರಡನೆಯದನ್ನು ಕೇಳಬೇಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.